ಬೂದಿ ಬೀಳುವವರೆಗೆ

ಮೇ 20

ಪುಟ್ಟೀ,

ಒಂದು ಸಿಗಾರಿಗೆ ಒಟ್ಟು ತಗುಲಿದ್ದು ಇಷ್ಟು: ನಾಲ್ಕು ತಿಂಗಳಿಗೆ ಐದು ದಿನ ಕಡಿಮೆ. ಏಳು ಅಂಚೆಚೀಟಿ. ಒಂದು ಸ್ನಾನದ ಟವೆಲ್ಲು. ವಾಚ್‌ಮನ್ನನ ಒಂದು ಹಾರೆ, ಬಗ್ಗಿ ಹೋದದ್ದು. ನಾಲ್ಕು ಮಹಡಿಯ ಜನರ ಒಂದು ಮಧ್ಯಾಹ್ನದ ನಿದ್ದೆ. ಒಂದು ಸುಳ್ಳು, ಅದು ನನ್ನದು. ಮೇಸ್ತ್ರಿಯ ಒಂದು ನಿಯಮ. ಅದು ಮುರಿಯಲಿಲ್ಲ, ಆದರೂ ಖರ್ಚಿಗೇ ಬರೆದಿದ್ದೇನೆ. ಅದನ್ನು ಉಳಿಸಿಕೊಳ್ಳಲು ಹೋಗಿಯೇ ಮಿಕ್ಕಿದ್ದೆಲ್ಲ ಖರ್ಚಾಯಿತು.

ಮೊನ್ನೆ ನೀನು ಕೇಳಿದೆ, "ಇಷ್ಟೆಲ್ಲ ರಾದ್ಧಾಂತ ಮಾಡಿ ಯಾರಿಗೆ ಏನು ಸಿಕ್ತಪ್ಪಾ?" ಎಂದು. ಕಿವುಡನ ಮುಂದೆ ನಿಂತು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಎದುರುಮನೆಯ ಟೈಲರಮ್ಮ, ತನ್ನನ್ನೇ ಕೇಳಿದರೇನೋ ಎಂದು ಬಾಗಿಲು ತೆರೆದು ನೋಡಿದರು.

ಬಾಯಲ್ಲಿ ಹೇಳಿದರೆ ನಾನು ಬಣ್ಣ ಹಚ್ಚುತ್ತೇನೆ. ನಲವತ್ತು ವರ್ಷ ಬೀಗ ಮಾರಿದ ಬಾಯಿ ಇದು. ಅದಕ್ಕೇ ಕಾಗದಗಳನ್ನೇ ಕೊಡುತ್ತಿದ್ದೇನೆ. ಕಾರ್ಬನ್ ಹಾಳೆ ಇಡದೆ ನಾನು ಒಂದು ಸಾಲನ್ನೂ ಬರೆದವನಲ್ಲ, ನಿನಗೇ ಗೊತ್ತು. ಮೇಸ್ತ್ರಿ ನಿನಗೆ ಬರೆದದ್ದನ್ನು ನೀನೇ ನನಗೆ ಕೊಟ್ಟೆಯಲ್ಲ, ಅದನ್ನೂ ಸೇರಿಸಿ ತಾರೀಖಿನ ಪ್ರಕಾರ ಜೋಡಿಸಿದ್ದೇನೆ. ಯಾರಿಗೆ ಏನು ಸಿಕ್ಕಿತು ಎಂಬುದು ಕೊನೆಯ ಪುಟದಲ್ಲಿದೆ. ಮೊದಲೇ ತಿರುಗಿಸಬೇಡ.

ನಿನ್ನ ಅಪ್ಪ

*

ಜನವರಿ 9

ಮೇಸ್ತ್ರಿ,

ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರೋ ಹೋಗಿಬಿಟ್ಟರು ಎಂದುಕೊಂಡಿರುತ್ತೀ. ಯಾರೂ ಹೋಗಿಲ್ಲ. ಹೋಗದಂತೆ ನನ್ನನ್ನು ಒಳಗಿಟ್ಟು ಬೀಗ ಹಾಕಿದ್ದಾರೆ.

ಮಗಳ ಮನೆ, ನಾಲ್ಕನೇ ಮಹಡಿ. ಹೋದ ವರ್ಷದ ಜ್ವರದಲ್ಲಿ ಎರಡೂ ಕಿವಿ ಕೈಕೊಟ್ಟವು. ಫೋನಿನಲ್ಲಿ ನನಗೆ ಈಗ ಜೇನುಹುಳು ಮಾತ್ರ ಕೇಳಿಸುತ್ತದೆ. ನವೆಂಬರಿನಲ್ಲಿ ಒಂದು ದಿನ ಮನೆಯ ಚಪ್ಪಲಿಯಲ್ಲೇ ಹೊರಟು, ಒಳ್ಳೆಯ ಸಿಗಾರು ಇಡುವ ಅಂಗಡಿ ಹುಡುಕುತ್ತಾ ನಡೆದೆ. ಸುಸ್ತಾಗಿ ಒಂದು ಬಸ್‌ಸ್ಟಾಪಿನಲ್ಲಿ ಕೂತೆ. ಯಾವ ಬಸ್‌ಸ್ಟಾಪು ಎಂದು ಕಾನ್‌ಸ್ಟೇಬಲ್ ಕೇಳಿದ. ಗೊತ್ತಿಲ್ಲ ಎಂದೆ. ಗೊತ್ತಿಲ್ಲದ ಊರಿನ ಬಸ್‌ಸ್ಟಾಪು ಯಾರಿಗೆ ತಾನೆ ಗೊತ್ತಿರುತ್ತದೆ? ಅಷ್ಟಕ್ಕೇ "ಅಪ್ಪನಿಗೆ ಮರೆವು" ಎಂದು ತೀರ್ಮಾನವಾಯಿತು.

ಅವತ್ತಿನಿಂದ ಮಗಳು ಕನ್ನಡಕದಂಗಡಿಗೆ ಕೆಲಸಕ್ಕೆ ಹೋಗುವಾಗ ಬೀಗ ಹಾಕಿಕೊಂಡು ಹೋಗುತ್ತಾಳೆ. ಬೆಳಿಗ್ಗೆ ಎಂಟರಿಂದ ಸಂಜೆ ಆರು. ಯಾವ ಬೀಗ ಗೊತ್ತಾ? ನಮ್ಮದು. ಒಳಗಿನಿಂದಲೂ ಬೀಗದ ಕೈ ಬೇಕಾಗುವ ಮಾಲು. ಅವಳು ಈ ಮನೆಗೆ ಬಂದಾಗ ನಾನೇ ನಿಂತು ಹಾಕಿಸಿದ್ದು. "ಕಳ್ಳ ಕಿಟಕಿಯಿಂದ ಒಳಗೆ ಬಂದ ಅಂತಿಟ್ಟುಕೋ ಪುಟ್ಟಿ, ಬಾಗಿಲಿಂದ ಸಾಮಾನು ಹೊತ್ಕೊಂಡು ಹೋಗಕ್ಕಾಗಲ್ಲ" ಎಂದು ಹೊಗಳಿ ಹೊಗಳಿ. ಕಳ್ಳ ಬರಲಿಲ್ಲ. ನಾನು ಬಂದೆ.

ಬೀಗದ ನಂಬರು 4417. ಮರೆವಿನವನಿಗೆ ಇದು ಹೇಗೆ ನೆನಪಿದೆ ಎಂದು ನೀನೇ ಯೋಚಿಸು. ರಿಜಿಸ್ಟರು ನಿನ್ನ ಹತ್ತಿರ ಇದೆ, ಮೆಷೀನೂ ಇದೆ. ಒಂದು ಬೀಗದ ಕೈ ಮಾಡಿ ಕಳಿಸು. ನಮ್ಮ ಸಿಗಾರಿನ ಪೆಟ್ಟಿಗೆಯಲ್ಲಿ ಕಪ್ಪಣ್ಣ ಉಳಿದಿದ್ದರೆ ಒಬ್ಬನನ್ನು ಜೊತೆಗೆ ಕಳಿಸು. ಉತ್ತರ ಮಧ್ಯಾಹ್ನದ ಟಪಾಲಿಗೆ ಬರಲಿ. ಬಾಗಿಲಿನಲ್ಲಿ ಕಾಗದದ ಸೀಳು ಇದೆ. ಅಂಚೆಯವನ ಕಾಲು ಕೆಳಗಿನ ಸಂದಿನಲ್ಲಿ ಕಂಡಾಗ ನಾನು ನನ್ನ ಕಾಗದವನ್ನು ಒಳಗಿನಿಂದ ತಳ್ಳುತ್ತೇನೆ. ಈಗ ನನ್ನ ವ್ಯವಹಾರವೆಲ್ಲ ಅಷ್ಟೇ ಅಗಲ.

ಹಳೇ ಪಾಲುದಾರ

*

ಜನವರಿ 20

ಸಾಹುಕಾರ,

ಕಾಗದ ಬಂತು. ಬೈಯದೆ ಬರೆದಿದ್ದೀ, ಅದರಿಂದಲೇ ಕಷ್ಟ ಜೋರಾಗಿದೆ ಅಂತ ಗೊತ್ತಾಯ್ತು.

ರಿಜಿಸ್ಟರು ತೆಗೆದು ನೋಡಿದೆ. 4417. ಎರಡು ಕೀ ಕೊಟ್ಟಿದ್ದು, ಎರಡೂ ನಿನ್ನ ಮಗಳ ಹೆಸರಲ್ಲಿ. ಸಹಿ ಅವಳದು. ಯಾರ ಹೆಸರಲ್ಲಿ ಬೀಗ ಇದೆಯೋ ಅವರು ಎದುರಿಗೆ ನಿಂತರೆ ಮಾತ್ರ ಹೊಸ ಕೀ. ಈ ನಿಯಮ ಮಾಡಿದ್ದು ನಾನಲ್ಲ. ನೀನು. ಬೋರ್ಡು ಬರೆಸಿ ನನ್ನ ಮೆಷೀನಿನ ನೆತ್ತಿಗೇ ಹೊಡೆಸಿದ್ದೆ. ಅಂಗಡಿ ಮಾರಿದ ದಿನ ನಾನು ಮೆಷೀನಿನ ಜೊತೆ ಆ ಬೋರ್ಡನ್ನೂ ಎತ್ಕೊಂಡು ಬಂದೆ. ಈಗಲೂ ನನ್ನ ಗೂಡಂಗಡಿಯಲ್ಲಿ ಅದರ ಕೆಳಗೇ ಕೂತಿದ್ದೀನಿ.

ಒಬ್ಬ ಗಂಡ ಬಂದು, ಹೆಂಡತಿ ಬೀಗ ಹಾಕ್ಕೊಂಡು ತೌರಿಗೆ ಹೋಗಿದಾಳೆ, ಒಂದು ಕೀ ಮಾಡಿಕೊಡಿ ಅಂತ ಅತ್ತಿದ್ದ, ನೆನಪಿದೆಯಾ? ನಾನು ಕರಗಿಬಿಟ್ಟಿದ್ದೆ. "ಅಳೋರಿಗೆಲ್ಲ ಕೀ ಕೊಟ್ರೆ ಬೀಗ ಯಾಕಯ್ಯಾ ಮಾರಬೇಕು?" ಅಂದು ಅವನನ್ನ ಓಡಿಸಿದವನು ನೀನು.

ಕಪ್ಪಣ್ಣ ಒಂಬತ್ತು ಜನ ಇದ್ದಾರೆ. ಪೆಟ್ಟಿಗೆಯಲ್ಲಿ ಒದ್ದೆ ಸ್ಪಂಜು ಇಟ್ಟು ನೋಡಿಕೊಂಡಿದ್ದೀನಿ. ಒಬ್ಬನೇ ಕೂತು ಸೇದಿಲ್ಲ.

ಮೇಸ್ತ್ರಿ

*

ಜನವರಿ 28

ಮೇಸ್ತ್ರಿ,

ನನ್ನ ನಿಯಮವನ್ನು ನನಗೇ ಓದಿ ಹೇಳುತ್ತೀಯಲ್ಲ. ಸಂಕಟಕ್ಕೆ ಆಗದ ಪಾಲುದಾರ. ಬೀಗದ ಕೈ ಮಾತು ಪಕ್ಕಕ್ಕಿಡು, ಸದ್ಯಕ್ಕೆ. ಒಂಬತ್ತು ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ನಾನು ಆ ದಿನ ಊಟ ಮಾಡಲಿಲ್ಲ.

ಆ ಹಡಗು ಏಜೆಂಟನ ಜಾಮ್ ಆದ ತಿಜೋರಿಯನ್ನು ನೀನು ತೆರೆದುಕೊಟ್ಟಾಗ ಅವನು ಮೊದಲ ಪೆಟ್ಟಿಗೆ ಕೊಟ್ಟ. ಮೇಲೆ ಮಡೂರೊ ಎಂದು ಬರೆದಿತ್ತು. ಅದನ್ನು ಸರಿಯಾಗಿ ಓದಲು ನಾವು ಕಲಿಯುವಷ್ಟರಲ್ಲಿ ನೀನು ಕಪ್ಪಣ್ಣ ಎಂದು ಹೆಸರಿಟ್ಟಾಗಿತ್ತು. ಹೆಬ್ಬೆರಳಿನಷ್ಟು ದಪ್ಪ. ಹೊರಗಿನ ಎಲೆ ಎಣ್ಣೆ ಕುಡಿದ ಚರ್ಮದಂತೆ ಮಿನುಗುತ್ತಿತ್ತು. ಹತ್ತಿಸುವ ಮೊದಲು ಮೂಗಿನ ಕೆಳಗೆ ಹಿಡಿದರೆ ಹಳೆಯ ಮರದ ಕಪಾಟು ತೆರೆದ ವಾಸನೆ. ಮೊದಲ ದಮ್ಮಿಗೆ ಮೆಣಸು ಮೂಗಿಗೇರುತ್ತದೆ. ಅವಸರ ಮಾಡದೆ ಕಾದರೆ ಕಾಫಿಯ ಗಸಿ, ಆಮೇಲೆ ತಳ ಹಿಡಿದ ಸಕ್ಕರೆ. ಹೊಗೆ ಎಷ್ಟು ದಪ್ಪ ಎಂದರೆ ಅದನ್ನು ಅಗಿಯಬೇಕು. ಬಾಯಲ್ಲಿ ತುಂಬಿಕೊಂಡು ಹೊರಗೆ ಬಿಟ್ಟ ಮೇಲೂ ಅದು ನಾಲಿಗೆಯ ಮೇಲೆ ಬಾಡಿಗೆಗೆ ಇರುತ್ತದೆ.

ಎಲೆಯನ್ನು ರಾಶಿ ಹಾಕಿ, ಮೇಲೆ ಭಾರ ಹೇರಿ, ತಿಂಗಳುಗಟ್ಟಲೆ ಮುಚ್ಚಿಟ್ಟು, ಅದರ ಬಿಸಿಯಲ್ಲೇ ಅದು ಬೆಂದು ಕಪ್ಪಗೆ ಸಿಹಿಯಾಗುವ ತನಕ ಬಿಡುತ್ತಾರೆ ಎಂದು ಆ ಏಜೆಂಟ ಹೇಳಿದ್ದ. ನನ್ನನ್ನೂ ಹಾಗೇ ಮುಚ್ಚಿಟ್ಟಿದ್ದಾರೆ ಮೇಸ್ತ್ರಿ. ಕಪ್ಪಾಗುತ್ತಿದ್ದೇನೆ. ಸಿಹಿ ಮಾತ್ರ ಬರುತ್ತಿಲ್ಲ.

ಅಂಗಡಿಯಲ್ಲಿ ನಿನ್ನ ಜೊತೆ ವರ್ಷಕ್ಕೊಂದೇ, ದಾಸ್ತಾನು ಎಣಿಸಿ ಮುಗಿದ ದಿನ. ಬೂದಿ ಬೀಳುವವರೆಗೆ ಯಾರು ಏನು ಬೇಕಾದರೂ ಹೇಳಬಹುದು, ಬಿದ್ದ ಮೇಲೆ ಆ ವರ್ಷದ ಜಗಳ ಎತ್ತುವಂತಿಲ್ಲ. ಒಳ್ಳೆಯ ಸಿಗಾರು ಬೂದಿಯನ್ನು ಇಪ್ಪತ್ತು ನಿಮಿಷ ಬಿಡುವುದಿಲ್ಲ. ಇಬ್ಬರು ಪಾಲುದಾರರಿಗೆ ಅಷ್ಟು ಸಾಕಾಗಿತ್ತು. ಮನೆಯಲ್ಲಾದರೆ ವಾರಕ್ಕೊಂದು. ಗಾಜಿನ ವರಾಂಡ, ಕಿಟಕಿ ಮುಚ್ಚಿ; ಗಾಳಿ ಬಿದ್ದರೆ ಕಪ್ಪಣ್ಣ ಓರೆಯಾಗಿ ಉರಿಯುತ್ತಾನೆ. ಪಕ್ಕದ ಕುರ್ಚಿಯಲ್ಲಿ ನನ್ನವಳು ಬಟಾಣಿ ಬಿಡಿಸುತ್ತಾ ಕೂರುತ್ತಿದ್ದಳು. ಒಂದೂವರೆ ಗಂಟೆ, ಒಂದು ಮಾತಿಲ್ಲ. ನನ್ನ ಆಯುಷ್ಯದಲ್ಲಿ ಲೆಕ್ಕ ಇಡದೆ ಕಳೆದ ಹೊತ್ತು ಅದೊಂದೇ.

ಆ ಒಂದೂವರೆ ಗಂಟೆ ನನಗೆ ಇನ್ನೊಂದು ಸಲ ಬೇಕು. ಸಾಯುವುದರೊಳಗೆ. ಅಷ್ಟೇ ಬೇಡಿಕೆ.

ಹಳೇ ಪಾಲುದಾರ

*

ಫೆಬ್ರವರಿ 14

ಸಾಹುಕಾರ,

ಬಾಗಿಲ ಸೀಳು ನಮ್ಮದೇ ಮಾಲಲ್ವಾ, ಅಳತೆ ನನಗೆ ಬಾಯಿಪಾಠ. ಕಪ್ಪಣ್ಣ ತೂರಲ್ಲ. ಜಜ್ಜಿ ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ. ತೆಳ್ಳನೆಯದೊಂದು ಸಿಕ್ತು, ಲಕೋಟೆಯಲ್ಲಿದೆ.

ಕಿಟಕಿ ತೆಗೆದಿಟ್ಟು ಸೇದು.

ಮೇಸ್ತ್ರಿ

*

ಫೆಬ್ರವರಿ 24

ಮೇಸ್ತ್ರಿ,

ನೀನು ಕಳಿಸಿದ್ದು ಸಿಗಾರಲ್ಲ, ಪೆನ್ಸಿಲ್ಲು. ಆದರೂ ಹಸಿದವನು.

ನಾನು ಕಿಟಕಿ ತೆಗೆಯಲಿಲ್ಲ. ಕೆಳಗಿನವರಿಗೆ ವಾಸನೆ ಹೋಗುತ್ತದೆ ಎಂದು ಬಚ್ಚಲಮನೆಯಲ್ಲಿ ಕೂತು, ಬಾಗಿಲ ಕೆಳಗೆ ಟವೆಲ್ಲು ಒತ್ತಿ ಹತ್ತಿಸಿದೆ. ಮೂರು ದಮ್ಮು. ಕಣ್ಣು ಮುಚ್ಚಿದೆ. ಹೊಗೆ ಕಂಡರೆ ಅರಚುವ ಯಂತ್ರ ಈ ಕಟ್ಟಡದಲ್ಲಿ ಬಚ್ಚಲಿನಲ್ಲೂ ಇದೆಯಂತೆ. ಅದು ಅರಚಿತು. ಯಾರಿಗೆ? ನನಗೆ! ಇಡೀ ಕಟ್ಟಡ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತಿದೆ, ನಾನು ಒಳಗೆ ಕಾಲಮೇಲೆ ಕಾಲು ಹಾಕಿ ನಾಲ್ಕನೆಯ ದಮ್ಮು ಎಳೆಯುತ್ತಿದ್ದೇನೆ. ಕಿಡಿ ಬಿದ್ದು ಟವೆಲ್ಲು ಹೊತ್ತಿಕೊಂಡಾಗ ಮಾತ್ರ ಎದ್ದೆ. ನಲ್ಲಿ ಬಿಟ್ಟು ಆರಿಸಿ, ಹೊರಗೆ ಬಂದು ನೋಡಿದರೆ ಮುಂಬಾಗಿಲು ನಡುಗುತ್ತಿದೆ. ಆಚೆ ವಾಚ್‌ಮನ್, ಹಾರೆ ಹಾಕಿ ಮೀಟುತ್ತಿದ್ದ. ಸೀಳಿನಿಂದ ಟೈಲರಮ್ಮನ ಕಣ್ಣು ಕಾಣಿಸಿತು, ಆಮೇಲೆ ಬಾಯಿ. ಏನು ಕೂಗಿದರೋ.

ಬಾಗಿಲು ತೆರೆಯಲಿಲ್ಲ ಮೇಸ್ತ್ರಿ. ಹಾರೆ ಬಗ್ಗಿತು. ನಮ್ಮ ಬೀಗ ಬಗ್ಗಲಿಲ್ಲ. ಹೆಮ್ಮೆಪಡಬೇಕೋ ಅಳಬೇಕೋ ತಿಳಿಯದೆ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಐವತ್ತು ನಿಮಿಷದ ಮೇಲೆ ಮಗಳು ಬಂದು ಬೀಗದ ಕೈ ತಿರುಗಿಸಿದಳು. ಟವೆಲ್ಲು ಹೀಟರಿಗೆ ತಗುಲಿ ಸುಟ್ಟಿತು ಎಂದೆ. ನನ್ನ ಶರಟನ್ನು ಒಮ್ಮೆ ಮೂಸಿದಳು. ಬೆಂಕಿಪೊಟ್ಟಣ ಈಗ ಅವಳ ಚೀಲದಲ್ಲಿದೆ. ಬೀಗ ಹಾಗೇ ಇದೆ.

ಇನ್ನು ನೇರವಾಗಿ ಕೇಳುತ್ತೇನೆ. ನಮ್ಮ ಕೊನೆಯ ದಾಸ್ತಾನಿನ ದಿನ, ನನ್ನವಳು ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ, ನೀನು ಕಪ್ಪಣ್ಣನನ್ನು ಹತ್ತಿಸಿದವನೇ ಬೂದಿ ತಟ್ಟಿಬಿಟ್ಟೆ. ಬೇಕೆಂದೇ. ನಾನು ಏನೂ ಕೇಳದಂತೆ. ಅವತ್ತು ಎಣಿಕೆಯಲ್ಲಿ ಹನ್ನೆರಡು ಬೀಗ ಕಡಿಮೆ ಬಂದಿತ್ತು. ನಾನು ಎರಡನ್ನೂ ಕೂಡಿಸಿದೆ, ಅಂಗಡಿ ಮಾರಿದೆ. ಕದ್ದಿದ್ದರೆ ಕದ್ದೆ ಎನ್ನು, ಈಗ ಏನೂ ಅನ್ನುವುದಿಲ್ಲ. ಬೀಗದ ಕೈ ಒಂದು ಮಾಡಿಕೊಡು, ಇಬ್ಬರದೂ ಸಮ.

ನಾನು

*

ಮಾರ್ಚ್ 19

ಸಾಹುಕಾರ,

ಇದನ್ನ ಬರೆಯೋಕೆ ಮೂರು ವಾರ ಹಿಡೀತು. ನಾಲ್ಕು ಹಾಳೆ ಹರಿದೆ.

ಹನ್ನೆರಡು ಬೀಗದ ಪೆಟ್ಟಿಗೆ ಅವತ್ತು ನಿನ್ನ ಕೆಳಗೇ ಇತ್ತು. ಬೆಳಿಗ್ಗೆಯಿಂದ ಅದನ್ನೇ ಕುರ್ಚಿ ಮಾಡ್ಕೊಂಡು ಕೂತು ಮಿಕ್ಕಿದ್ದನ್ನೆಲ್ಲ ಎಣಿಸಿದೆ. ಹೇಳೋಣ ಅಂತಿದ್ದೆ. ನೀನು ನನ್ನ ಮುಖ ನೋಡಿದ ರೀತಿಗೆ ಸಿಟ್ಟು ಬಂತು. ನೋಡ್ಕೊಳ್ಳಲಿ ಅಂತ ಬಿಟ್ಟೆ.

ಬೂದಿ ತಟ್ಟಿದ್ದು ಬೀಗಕ್ಕಲ್ಲ.

ಅತ್ತಿಗೆ ಹೋಗೋಕೆ ಒಂದು ವರ್ಷ ಮೊದಲು ಅಂಗಡಿಗೆ ಬಂದಿದ್ದರು. ನೀನು ಮಾಲು ತರೋಕೆ ಹೋಗಿದ್ದೆ. ಸ್ಟೂಲ್ ಮೇಲೆ ಕೂತು ತುಂಬ ಹೊತ್ತು ಕೆಮ್ಮಿದರು. "ಆ ವರಾಂಡದ ಹೊಗೆ ನನಗೆ ಆಗ್ತಿಲ್ಲ ಮೇಸ್ತ್ರಿ" ಅಂದರು. ನಾನು ಹೇಳ್ತೀನಿ ಅವನಿಗೆ, ಕಿಟಕಿ ತೆಗೀಲಿ, ಇಲ್ಲಾಂದ್ರೆ ಹೊರಗೆ ಹೋಗಿ ಸೇದಲಿ ಅಂದೆ. "ಬೇಡಪ್ಪಾ" ಅಂತ ಕೈ ಮುಗಿದರು. "ಹೊರಗೆ ಹೋದ್ರೆ ಹೋಗೇಬಿಡ್ತಾರೆ. ವಾರಕ್ಕೆ ಅದೊಂದೇ ಹೊತ್ತು ಅವರು ನನ್ನ ಪಕ್ಕ ಸುಮ್ಮನೆ ಕೂರೋದು." ಹೇಳಲ್ಲ ಅಂತ ಮಾತು ತಗೊಂಡರು.

ಡಾಕ್ಟರು ಹೊಗೆಯಿಂದಲೇ ಅಂತ ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ. ಆ ದಿನ ನಿನ್ನ ಎದುರು ಕೂತು ಹತ್ತಿಸಿದಾಗ, ಇಪ್ಪತ್ತು ನಿಮಿಷ ಇದ್ರೆ ಹೇಳಿಬಿಡ್ತೀನಿ ಅನ್ನಿಸ್ತು. ಅದಕ್ಕೇ ತಟ್ಟಿದೆ.

ಕೀ ಮಾತ್ರ ಮಾಡಲ್ಲ. ಬೋರ್ಡಿದೆ.

ಮೇಸ್ತ್ರಿ

*

ಏಪ್ರಿಲ್ 2

ಮೇಸ್ತ್ರಿ,

(ಪುಟ್ಟೀ, ಈ ಹಾಳೆಯಲ್ಲಿ ಇಷ್ಟೇ ಇದೆ. ಕಾರ್ಬನ್ ಕೆಳಗಿನ ನಕಲಿನಲ್ಲೂ ಇಷ್ಟೇ. ಬೆಳಿಗ್ಗೆ ನೀನು ಬೀಗ ಹಾಕಿದ ಮೇಲೆ ಕೂತವನು, ನೀನು ಬೀಗ ತೆಗೆಯುವವರೆಗೂ ಕೂತಿದ್ದೆ. ಅಂಚೆಯವನ ಕಾಲು ಬಂತು, ಸ್ವಲ್ಪ ಹೊತ್ತು ಕಾಯಿತು, ಹೋಯಿತು.)

*

ಏಪ್ರಿಲ್ 12

ಚಿಕ್ಕಮ್ಮಣ್ಣಿ,

ನಿನ್ನ ಅಂಗಡಿ ವಿಳಾಸಕ್ಕೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ನಿಮ್ಮಪ್ಪನಿಗೆ ನಾನು ಒಂದು ವಿಷಯ ಬರೆದೆ, ಬರೆಯಬಾರದಿತ್ತೋ ಏನೋ. ಆಮೇಲಿಂದ ಅವನ ಕಾಗದ ಇಲ್ಲ. ಬಾಯಿ ಮುಚ್ಚಿದ ಸಾಹುಕಾರನನ್ನ ನಾನು ನಲವತ್ತು ವರ್ಷದಲ್ಲಿ ನೋಡಿಲ್ಲ.

ಆ ಬೀಗ ಕಳ್ಳರಿಗೆ ಅಂತ ಮಾಡಿದ್ದು. ಒಳಗೆ ಬೆಂಕಿ ಬಿದ್ದರೆ ಅದಕ್ಕೆ ಕಳ್ಳ ಯಾರು, ಅಪ್ಪ ಯಾರು ಅಂತ ಗೊತ್ತಾಗಲ್ಲಮ್ಮ. ಒಂದು ಸಲ ಗೂಡಂಗಡಿಗೆ ಬಾ. ನೀನು ಎದುರಿಗೆ ನಿಂತರೆ ನಾನು ಕೀ ಮಾಡಬಹುದು. ನಿಲ್ಲೋದು ಬಿಡೋದು ನಿನಗೆ ಸೇರಿದ್ದು.

ಮೇಸ್ತ್ರಿ ಮಾಮ

*

ಏಪ್ರಿಲ್ 27

ಅಪ್ಪಾ,

ಒಂದೇ ಮನೆಯಲ್ಲಿದ್ದು ಕಾಗದ ಬರೆದು ಲೋಟದ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ಇದನ್ನು ನಿನ್ನ ಕಿವಿಗೆ ಕೂಗಿ ಹೇಳಲು ನನ್ನಿಂದ ಆಗುವುದಿಲ್ಲ.

ಮೇಸ್ತ್ರಿ ಮಾಮ ನಿನಗೆ ಏನು ಬರೆದರು ಎಂದು ನಿನ್ನೆ ಹೇಳಿದರು. ನನಗೆ ಅದು ಹೊಸದಲ್ಲ. ಚಿಕ್ಕವಳಿದ್ದಾಗ ನಾನು ಆ ವರಾಂಡದ ಕಿಟಕಿ ತೆಗೆಯುತ್ತಿದ್ದೆ. ನೀನು ತಲೆ ಎತ್ತದೆ "ಮುಚ್ಚು" ಎನ್ನುತ್ತಿದ್ದೆ. ನಾನು ಮುಚ್ಚುತ್ತಿರಲಿಲ್ಲ. ಅಮ್ಮ ಬಟಾಣಿ ತಟ್ಟೆ ಕೆಳಗಿಟ್ಟು, ಎದ್ದು, ತಾನೇ ಮುಚ್ಚಿ ಬಂದು ಕೂರುತ್ತಿದ್ದಳು. ನಗುತ್ತಿದ್ದಳು ಬೇರೆ. ನನಗೆ ನಿಮ್ಮಿಬ್ಬರ ಮೇಲೂ ಕೋಪ ಬರುತ್ತಿತ್ತು.

ಬೀಗ ಹಾಕಿದ್ದು ನಿನ್ನ ಒಳ್ಳೆಯದಕ್ಕೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅರ್ಧ ನಿಜ. ನೀನು ಒಳಗೆ ಕೂತಿರುತ್ತೀ, ಕಿಟಕಿಯಾಚೆ ನೋಡುತ್ತಿರುತ್ತೀ ಎಂದು ನೆನೆದಾಗ, ಕೆಲಸದ ನಡುವೆ, ನನಗೆ ಒಂದು ಥರ ಸಮಾಧಾನ ಆಗುತ್ತಿತ್ತು. ಆ ಇನ್ನರ್ಧವನ್ನು ಫೆಬ್ರವರಿಯಲ್ಲಿ, ಆ ಬಗ್ಗಿದ ಹಾರೆಯ ಪಕ್ಕ ನಿಂತಾಗ ತಿಳಿದೆ. ತಿಳಿದ ಮೇಲೂ ಎರಡು ತಿಂಗಳು ಬೀಗ ಹಾಕಿದೆ.

ನಿನ್ನೆ ಮಾಮನ ಎದುರಿಗೆ ನಿಂತೆ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ಬೀಗದ ಕೈ ಈ ಕಾಗದದ ಜೊತೆ ಇದೆ. ಮುಂದಿನ ವಾರ ಅವರು ಬರುತ್ತಾರೆ, ಕಪ್ಪಣ್ಣನ ಜೊತೆ. ಕೆಳಗಿನ ಬೆಂಚಿನ ಮೇಲೆ. ಮನೆಯೊಳಗೆ ಬೇಡ.

ಪುಟ್ಟಿ

*

ಕೊನೆಯ ಪುಟ, ಮೇ 20

ಮೇ ನಾಲ್ಕರಂದು ನೀನೂ ಇದ್ದೆ. ಆದರೂ ಬರೆಯುತ್ತೇನೆ, ನೋಡಿದ್ದೆಲ್ಲ ದಾಖಲೆಯಲ್ಲ.

ಬೆಂಚಿನ ಒಂದು ತುದಿಗೆ ಮೇಸ್ತ್ರಿ, ನಡುವೆ ನಾನು, ಗಾಳಿ ಬರುವ ಕಡೆ ಎರಡು ಮಾರು ದೂರದಲ್ಲಿ, ಸ್ಕೂಟರಿಗೆ ಒರಗಿ ನೀನು. ಮೇಸ್ತ್ರಿ ಮುದುಕನಾಗಿದ್ದಾನೆ. ಅವನೂ ನನ್ನನ್ನು ನೋಡಿ ಅದೇ ಅಂದುಕೊಂಡ ಎಂದು ಅವನ ಮುಖದಲ್ಲಿ ಓದಿದೆ. ಕಿವಿಯ ಹತ್ತಿರ ಬಂದು ಕೂಗಿದ, "ಎಣಿಸ್ಕೋ ಸಾಹುಕಾರ! ಒಂಬತ್ತಿತ್ತು, ಎರಡು ತಂದಿದ್ದೀನಿ, ಏಳಿದೆ!"

"ನಾನು ಯಾವುದರ ಮೇಲಾದ್ರೂ ಕೂತಿಲ್ಲ ತಾನೆ?" ಎಂದೆ. ಅವನು ಬಿದ್ದು ಬಿದ್ದು ನಕ್ಕ. ಕ್ಷಮೆ ಕೇಳುವುದು ನನಗೆ ಅಷ್ಟೇ ಬರುವುದು.

ತುದಿ ಕತ್ತರಿಸಿ ನನಗೆ ಕೊಟ್ಟ. ಕಡ್ಡಿ ನೀನು ಗೀರಿದೆ, ನಿನ್ನ ಚೀಲದಿಂದ ತೆಗೆದು. ಗಾಳಿಗೆ ಎರಡು ಕಡ್ಡಿ ಆರಿದವು. ಮೂರನೆಯದಕ್ಕೆ ಹತ್ತಿಕೊಂಡಿತು. ಮೆಣಸು ಬಂತು. ಕಾದೆ. ಕಾಫಿ ಬಂತು. ಇನ್ನೂ ಕಾದೆ. ತಳ ಹಿಡಿದ ಸಕ್ಕರೆಯೂ ಬಂತು. ಮೂರು ವರ್ಷ ಒದ್ದೆ ಸ್ಪಂಜಿನ ಪಕ್ಕ ಮಲಗಿ ಅದು ಇನ್ನೂ ಮೆತ್ತಗಾಗಿತ್ತು, ಇನ್ನೂ ಆಳವಾಗಿತ್ತು. ಗಾಳಿಗೆ ಒಂದು ಬದಿ ಮುಂದೆ ಮುಂದೆ ಉರಿಯಿತು. ಓರೆಯಾಗಿ ಉರಿದರೂ ರುಚಿಗೆ ಏನೂ ಆಗುವುದಿಲ್ಲ. ಅದನ್ನು ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿದೆ.

ಬೂದಿಯ ನಿಯಮವನ್ನು ಮೇಸ್ತ್ರಿ ನಿನಗೆ ವಿವರಿಸಿದ. ಬೂದಿ ಅರ್ಧ ಬೆರಳಿನಷ್ಟು ಬೆಳೆದಿತ್ತು. ನೀನು ಹತ್ತಿರ ಬಂದೆ, ಬಗ್ಗಿದೆ. ಬೈಯುತ್ತೀ ಎಂದುಕೊಂಡು ಕೈ ಅಲ್ಲಾಡದಂತೆ ಹಿಡಿದೆ, ನಿನಗೆ ಪೂರ್ತಿ ಹೊತ್ತು ಸಿಗಲಿ ಎಂದು.

"ಚೆನ್ನಾಗಿದ್ಯಾ ಅಪ್ಪಾ?" ಎಂದೆ. ಅಷ್ಟೇ.

ಇಲ್ಲ, ರುಚಿ ಕೆಟ್ಟುಹೋಗಿದೆ, ಬಾಯಿ ಕಹಿಯಾಗಿದೆ ಎನ್ನಬಹುದಿತ್ತು. ನಿನಗೂ ಅದೇ ಬೇಕಿತ್ತೇನೋ. ಗಿರಾಕಿಗೆ ಏನು ಬೇಕು ಎಂದು ಮುಖ ನೋಡಿ ಹೇಳುವವನು ನಾನು.

"ತುಂಬಾ ಚೆನ್ನಾಗಿದೆ ಪುಟ್ಟಿ," ಎಂದೆ.

ನೀನು ತಲೆಯಾಡಿಸಿ ಸ್ಕೂಟರಿನ ಹತ್ತಿರ ಹೋದೆ. ಬೂದಿ ನನ್ನ ಮಂಡಿಯ ಮೇಲೆ ಬಿತ್ತು. ಅರ್ಧಕ್ಕೆ ಆರಿಸಿದೆ.

ಇನ್ನು ಸಿಕ್ಕಿದ್ದರ ಲೆಕ್ಕ.

ಮೇಸ್ತ್ರಿ: ಕಳ್ಳನಲ್ಲ ಎಂಬ ಒಂದು ಸಾಲು, ನನ್ನ ಸಹಿಯೊಂದಿಗೆ. ಏಳು ಸಿಗಾರು. ಮಾತಾಡಲು ಒಬ್ಬ ಕಿವುಡ.

ವಾಚ್‌ಮನ್: ಹೊಸ ಹಾರೆ.

ನೀನು: ಹೇಳಬೇಕಾದದ್ದು ಹೇಳಿದ್ದು. ಹಗಲು ಹೊತ್ತು ನನ್ನನ್ನು ನೆನೆದು ಸಮಾಧಾನವಾಗುತ್ತಿತ್ತಲ್ಲ, ಅದು ಹೋಯಿತು; ಅದನ್ನು ಲಾಭಕ್ಕೆ ಬರೆಯಬೇಕೋ ನಷ್ಟಕ್ಕೋ ನೀನೇ ತೀರ್ಮಾನಿಸು.

ನಾನು: ಅರ್ಧ ಸಿಗಾರು. 4417ರ ಒಂದು ಬೀಗದ ಕೈ, ಅಂಗಿಯ ಜೇಬಿನಲ್ಲಿದೆ. ಮೇ ನಾಲ್ಕರ ನಂತರ ಹೊರಗೆ ಹೋಗಲು ಬಾಗಿಲು ತೆರೆದಿಲ್ಲ. ನೀನು ಈಗ ಬೀಗ ಹಾಕದೆ ಹೋಗುತ್ತೀ. ನೀನು ಹೋದ ಮೇಲೆ ಒಳಗಿನಿಂದ ನಾನೇ ಹಾಕಿಕೊಳ್ಳುತ್ತೇನೆ. ಕಿಟಕಿಗಳು ಎಲ್ಲಾ ತೆರೆದಿರುತ್ತವೆ.

ನಿಮ್ಮಮ್ಮ: ಏನೂ ಇಲ್ಲ.

ಅಪ್ಪ